ಬೆಲ್ಲ ಉಣ್ಣುವ ಬಂಡೆ

ಶುಗರ್ ಬಂದಿದೆ ಎಂದಾಗ ನಾನು ಅಳಲಿಲ್ಲ. ಕಣ್ಣು ಕಾಣುತ್ತವೆ, ಕಾಲು ನಡೆಯುತ್ತವೆ, ಶಿವ ಇಷ್ಟಾದರೂ ಉಳಿಸಿದ್ದಾನಲ್ಲ ಎಂದುಕೊಂಡೆ. ಡಾಕ್ಟರು ಮಾತ್ರ ಕಡ್ಡಿ ಮುರಿದಂತೆ ಹೇಳಿದರು: "ದಿನಾ ನಡೀರಿ, ಸಿಹಿ ಮುಟ್ಟಬ್ಯಾಡ್ರಿ. ಮುಂದಿನ ತಿಂಗಳ ಇಳೀಲಿಲ್ಲಂದ್ರ ಹೊಟ್ಟಿಗೆ ಸೂಜಿ ಶುರು!"

ನನಗೆ ಹುಲಿಗಿಂತ ಸೂಜಿಯ ಭಯ ಹೆಚ್ಚು. ನಡೆಯಲೇಬೇಕು! ಎಲ್ಲಿ? ದರೋಜಿ ಹತ್ತಿರದ ನಮ್ಮ ಊರ ರಸ್ತೆಯನ್ನು ಅದಿರಿನ ಲಾರಿಗಳು ಗುತ್ತಿಗೆ ಹಿಡಿದಂತಿದ್ದವು. ಹಸಿರು ಸೀರೆಯಲ್ಲಿ ಹೊರಟರೆ ಕೆಂಧೂಳು ಮೆತ್ತಿ ಕಾವಿ ಸೀರೆಯಲ್ಲಿ ಮರಳಬೇಕು. ಸಂಸಾರಸ್ಥೆಗೆ ಇದು ಶೋಭೆಯೇ? ಹಾಗಾಗಿ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಗುಡ್ಡದ ಬುಡದ ಕಾಲುದಾರಿ ಹಿಡಿದೆ.

ಅಲ್ಲಿ ಕಂಡಿತು ಆ ಬಂಡೆ. ಕರ್ರಗೆ, ದುಂಡಗೆ, ಸಾಕ್ಷಾತ್ ಲಿಂಗದಂತೆ! ಮೈತುಂಬ ಬೆಲ್ಲದ ಪಾಕ ಬಳಿದಿತ್ತು. ಈ ಕಾಡಿನಲ್ಲಿ ಇಷ್ಟು ನೈವೇದ್ಯ ಮಾಡುವ ಪುಣ್ಯಾತ್ಮರು ಯಾರು? ಸುತ್ತ ನೋಡಿದೆ. ನರಪಿಳ್ಳೆ ಇಲ್ಲ.

ನೈವೇದ್ಯ ಕಂಡೂ ಪ್ರಸಾದ ತೆಗೆದುಕೊಳ್ಳದೆ ಬರುವುದು ನಮ್ಮ ಮನೆತನದಲ್ಲಿಲ್ಲ. ವಿಭೂತಿ ಹಚ್ಚಿ, ಕುಂಕುಮವಿಟ್ಟು, ಉಗುರಿನಷ್ಟು ಬೆಲ್ಲ ಬಾಯಿಗೆ ಹಾಕಿಕೊಂಡೆ. ಸಿಹಿ ನಿಷಿದ್ಧ, ನಿಜ. ಆದರೆ ಪ್ರಸಾದ ಸಿಹಿಯ ಲೆಕ್ಕಕ್ಕೆ ಬರುತ್ತದೆಯೇ! ದಿನ ಹೋದಂತೆ ಭಕ್ತಿ ಬೆಳೆಯಿತು. ಉಗುರಿನಷ್ಟಿದ್ದದ್ದು ಅಂಗೈಯಷ್ಟಾಯಿತು.

ಒಂದು ಬೆಳಿಗ್ಗೆ ಕುತೂಹಲ ತಾಳದೆ ಹೋಗಿ ನೋಡಿದರೆ ಬಂಡೆ ತೊಳೆದಿಟ್ಟಂತೆ ಸ್ವಚ್ಛ! ನಾನಿಟ್ಟ ಕುಂಕುಮವೂ ಮಾಯ! ಪಕ್ಕದ ಮನೆಯ ಗೌರಕ್ಕನಲ್ಲಿಗೆ ಓಡಿದೆ.

"ಗೌರಕ್ಕಾ, ಶಿವ ಖುದ್ದು ಬಂದು ಉಣ್ಣಾಕತ್ಯಾನ್ರಿ!"

"ನಿನ್ನ ಕೈ ಅಡಿಗಿ ಉಂಡು ನಿನ್ನ ಗಂಡ ಇನ್ನೂ ಗಟ್ಟಿ ಅದಾನ. ಅದರಕಿಂತ ದೊಡ್ಡ ಪವಾಡೇನಲ್ಲ ಬಿಡು," ಎಂದಳು ಗೌರಕ್ಕ. ಆದರೂ ಮಧ್ಯಾಹ್ನ ತೆಂಗಿನಕಾಯಿ ಹಿಡಿದು ನನಗಿಂತ ಮುಂದೆ ಹೊರಟಳು.

ಪೂಜೆ ಮುಗಿಯಿತು. ಪ್ರಸಾದವೂ ಆಯಿತು. ಉಣ್ಣುವವನನ್ನು ಕಣ್ಣಾರೆ ನೋಡಿಯೇ ಹೋಗೋಣವೆಂದು ಅಲ್ಲೇ ಕೈಮುಗಿದು ಕುಳಿತೆವು.

"ಏ ಅಮ್ಮಾರ! ಅಲ್ಲೇನ್ ಕುಂತೀರಿ? ಕರಡಿ ಬರೋ ಹೊತ್ತು! ಜಲ್ದಿ ಮ್ಯಾಲ ಬರ್ರಿ!"

ಮೇಲಿನ ದಿಬ್ಬದಲ್ಲಿ ಅರಣ್ಯ ಇಲಾಖೆಯ ವಾಚರ್ ನಿಂತಿದ್ದ. ಕೈಯಲ್ಲಿ ಬಕೆಟ್. ಬಕೆಟ್ಟಿನ ಅಂಚಿಗೆ ಬೆಲ್ಲ!

ನಾವು ಹತ್ತಿದೆವೋ, ಹಾರಿದೆವೋ, ಶಿವನೇ ಬಲ್ಲ. ಕರಡಿಗಳೆಲ್ಲ ಗುಡ್ಡದ ಆ ಕಡೆ ಇರುತ್ತವೆ ಎಂದು ನಾನು ನಂಬಿದ್ದೆ. ಕರಡಿಗಳಿಗೆ ಇದನ್ನು ಯಾರೂ ತಿಳಿಸಿರಲಿಲ್ಲ!

ಪೊದೆ ಅಲುಗಿತು. ಜೋಲು ಕೂದಲಿನ ತಾಯಿ ಕರಡಿ. ಎದೆಯ ಮೇಲೆ ವಿಭೂತಿ ಬಳಿದಂತೆ ಬಿಳಿ ಪಟ್ಟಿ. ಬೆನ್ನ ಮೇಲೊಂದು ಮರಿ, ಅವ್ವನ ಕೂದಲು ಹಿಡಿದು, ಸೈಕಲ್ ಹಿಂದೆ ಕೂತ ಕೂಸಿನಂತೆ! ಎಷ್ಟು ನೋಡಿದರೂ ಸಾಲದು. ತಾಯಿ ಬಂಡೆ ನೆಕ್ಕಿತು, ಮರಿಯೂ ಇಳಿದು ನೆಕ್ಕಿತು. ನನ್ನ ಕುಂಕುಮ ಮೂಗಿಗೆ ಹೋಗಿ ಆಕ್ಷಿ ಎಂದಿತು. ಪಾಪ!

ವಾಚರ್ ಪಿಸುಗುಟ್ಟಿದ: "ಮರಿಗೆ ಸಾಲವಲ್ದು ನೋಡ್ರಿ. ದಿನಾ ನಾ ಹಚ್ಚಿ ಹೋಗೋದ ತಡ, ಯಾವುದೋ ಮಂಗ್ಯಾ ಬಂದು ಬೆಲ್ಲ ಕೆರಕೊಂಡು ಹೋಗ್ತದ."

ನಾನು ಆಕಾಶ ನೋಡಿದೆ.

"ಹೌದಪ್ಪ, ಮಂಗ್ಯಾನ," ಎಂದಳು ಗೌರಕ್ಕ. "ನಮ್ಮ ಓಣ್ಯಾಗ ಇರ್ತದ."

ಕರಡಿಯ ತಟ್ಟೆಯಲ್ಲಿ ಅಷ್ಟು ದಿನ ಉಂಡರೂ ಕರಡಿಯ ಕೈಗೆ ಸಿಗದೆ ಉಳಿದದ್ದು ಶಿವನ ದಯೆ. ಡಾಕ್ಟರ ಕೈಗೆ ಮಾತ್ರ ಸಿಕ್ಕಿಬಿದ್ದೆ. ಶುಗರ್ ಇಳಿಯುವುದಿರಲಿ, ಗುಡ್ಡ ಹತ್ತಿ ಕೂತಿತ್ತು!

"ನಡೀಲೇ ಇಲ್ಲೇನ್ರಿ ಅಮ್ಮಾ?"

"ನಡದೇನ್ರಿ. ಬೆಲ್ಲದ ತನಕ."

ಈಗ ದಿನವೂ ಹೊಟ್ಟೆಗೆ ಸೂಜಿ. ಆ ಕಾಲುದಾರಿ ಬಿಟ್ಟು ಮನೆಯ ಮಾಳಿಗೆಯ ಮೇಲೆ ಸುತ್ತುತ್ತೇನೆ. ಮೊನ್ನೆ ಸಂತೆಯಲ್ಲಿ ಸಿಕ್ಕ ವಾಚರ್ ಖುಷಿಯಿಂದ ಹೇಳಿದ: "ಆ ಮಂಗ್ಯಾ ಈಗ ಬರವಲ್ದ್ರಿ ಅಮ್ಮಾರ. ಮರಿ ಮಸ್ತ್ ದಪ್ಪ ಆಗೇತಿ!"