ಹಾರಿದಾಗಲೇ ಆಫ್ ಆಗುವ ಬೈಕು

ರಾಕೆಟ್ ಕೆಲಸದವರ ನಡುವೆ ಬದುಕಿದರೆ ಸೈಕಲ್ ಪಂಕ್ಚರ್ ಕೂಡ ಸುಮ್ಮನೆ ಆಗುವುದಿಲ್ಲ, ಅದಕ್ಕೂ ಒಂದು ಮೀಟಿಂಗ್ ನಡೆಯುತ್ತದೆ. ತೊಂಬತ್ತರ ದಶಕದಲ್ಲಿ ಕೇರಳದ ತುಂಬಾ ಎಂಬ ಊರಿನ ನಮ್ಮ ರಾಕೆಟ್ ಆಫೀಸಿನಲ್ಲಿದ್ದ ಮೈಸೂರಿನ ಗೆಳೆಯನ ಬೈಕಿಗೂ ಹಾಗೇ ಆಯಿತು.

೧. ಮರಳ ದಿಬ್ಬ

ಹಳೇ ಬೈಕಿನ ಲೈಟು, ಮಡ್‌ಗಾರ್ಡು ಕಿತ್ತು, ದಪ್ಪ ಟೈರು ಹಾಕಿಸಿ, ಭಾನುವಾರಗಳಂದು ಅವನು ಕಡಲತೀರದ ದಿಬ್ಬದಿಂದ ಹಾರುತ್ತಿದ್ದ. ನಾವು ಕೆಳಗೆ ನಿಂತು ಆಫೀಸಿನಂತೆಯೇ ಹತ್ತು, ಒಂಬತ್ತು, ಎಂಟು ಎಂದು ಇಳಿಸಿ ಎಣಿಸುತ್ತಿದ್ದೆವು. ಹಾರಿದ ಬೈಕು ತುಸು ವಾಲಿದಂತೆ ಕಂಡರೂ ಸಾಕು, ನಮ್ಮ ಹಿರಿಯರೊಬ್ಬರು "ಹೋಲ್ಡ್!" ಎಂದು ಕೂಗುವರು. ಆಫೀಸಿನಲ್ಲಿ ಆ ಮಾತು ಬಿದ್ದರೆ ಎಲ್ಲರೂ ಮಾಡುತ್ತಿದ್ದುದನ್ನು ಅಲ್ಲಿಗೇ ನಿಲ್ಲಿಸಬೇಕು.

ಬೈಕು ಗುರ್ರೆಂದು ಮೇಲೇಳುವುದು, ಗಾಳಿಯಲ್ಲಿ ಎಂಜಿನ್ ಆಫ್, ಆಮೇಲೆ ದೊಪ್ಪೆಂದು ಮರಳಿಗೆ. ಬಲೆ ಹೆಣೆಯುತ್ತಿದ್ದ ಅಜ್ಜ ಪ್ರತಿ ಸಲವೂ ಕನಿಕರದಿಂದ ಕೇಳುತ್ತಿದ್ದ: "ಎಂದಾ ಸಾರೇ, ಪೆಟ್ರೋಲ್ ತೀರ್ನೋ?" ಪೆಟ್ರೋಲ್ ಮುಗಿಯಿತೇ ಎಂದು. ಕೊನೆಗೆ ನೋಡಲಾರದೆ ದೋಣಿಗಿಟ್ಟಿದ್ದ ಸೀಮೆಎಣ್ಣೆಯನ್ನೇ ತಂದುಕೊಟ್ಟ.

೨. ಹಲಸಿನ ಮರ

ಕೊಚ್ಚಿ ಹತ್ತಿರದ ಕಳಮಶ್ಶೇರಿಯಲ್ಲಿ ನಡೆಯಲಿದ್ದ ದಿಬ್ಬ ಹಾರುವ ಬೈಕ್ ರೇಸಿಗೆ ಅವನು ಹೆಸರು ಕೊಟ್ಟಿದ್ದ. ಅವನ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ರೀ, ಕಳಮಶ್ಶೇರಿ ಸ್ಪರ್ಧೇಲೂ ಇದು ಆಫ್ ಆದ್ರೆ ಗುಜರಿಗೆ ಹಾಕ್ತೀನಿ."

ಅವನ ಮುಖ ಬಾಡಿತು. ನಮಗೆ ಮಾತ್ರ ಕುತೂಹಲ ತಡೆಯಲಾಗಲಿಲ್ಲ. ನೆಲದ ಮೇಲೆ ಸರಿಯಾಗಿ ಓಡುವುದು ಗಾಳಿಯಲ್ಲೇ ಯಾಕೆ ಆಫ್ ಆಗಬೇಕು? ಒಬ್ಬ ಕಾರ್ಬುರೇಟರ್ ಎಂದ, ಇನ್ನೊಬ್ಬ ಪ್ಲಗ್ ಎಂದ. ವಾದ ಮುಗಿಯದೆ, ಕ್ವಾರ್ಟರ್ಸಿನ ಹಲಸಿನ ಮರಕ್ಕೆ ಬೈಕನ್ನೇ ಹಗ್ಗದಲ್ಲಿ ನೇತುಹಾಕಿ ಸ್ಟಾರ್ಟ್ ಮಾಡಿದೆವು. ಕಾಯಿಗಳ ನಡುವೆ ತೂಗಾಡುತ್ತಾ ಒಂದು ಗಂಟೆ ಓಡಿತು.

ಹಿರಿಯರು ತೀರ್ಪು ಕೊಟ್ಟರು: "ಗಾಳಿಯಲ್ಲಿ ಬೈಕಿಗೆ ಏನೂ ತೊಂದರೆ ಇಲ್ಲ."

"ಹಾಗಾದ್ರೆ ಅಲ್ಲೇ ಇರಲಿ ಬಿಡಿ," ಎಂದರು ಅವನ ಹೆಂಡತಿ.

೩. ಕಳಮಶ್ಶೇರಿ

ಕೊಚ್ಚಿಗೆ ನಾವೆಲ್ಲ ಹೋದೆವು, ಅವನ ಹೆಂಡತಿಯೂ ಬಂದರು. ಆಶ್ಚರ್ಯವೆಂದರೆ ಅವತ್ತು ಒಂದೊಂದು ದಿಬ್ಬದಲ್ಲೂ ಎಂಜಿನ್ ಹಾಡುತ್ತಲೇ ಇತ್ತು. ಗೆಳೆಯನೇ ಎಲ್ಲರಿಗಿಂತ ಮುಂದಿದ್ದ. ಉಳಿದದ್ದು ಕೊನೆಯ ದಿಬ್ಬವೊಂದೇ.

ಅಷ್ಟು ಹೊತ್ತು ಚಹಾ ಅಂಗಡಿಯಲ್ಲಿದ್ದ ಹಿರಿಯರು ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಾ ಆಗಷ್ಟೇ ಬಂದು ನಿಂತರು. ಬೈಕು ಹಾರಿತು. ಮುಂದಿನ ಚಕ್ರ ಚೂರು ವಾಲಿತು. ಬಾಯಲ್ಲಿ ಬಾಳೆಹಣ್ಣಿದ್ದರೂ ಹಿರಿಯರು ಗಂಟಲು ಹರಿಯುವಂತೆ ಕೂಗಿದರು: "ಹೋಲ್ಡ್!"

ಗಾಳಿಯಲ್ಲೇ ಗೆಳೆಯನ ಕಾಲು ಬ್ರೇಕನ್ನು ಒತ್ತಿತು. ಹಿಂದಿನ ಚಕ್ರ ಗಕ್ಕನೆ ನಿಂತಿತು, ಅದರ ಜೊತೆಗೆ ಗೇರಿನಲ್ಲಿದ್ದ ಎಂಜಿನ್ನೂ ಆಫ್. ಸದ್ದಿಲ್ಲದೆ ಇಳಿದು, ಉರುಳಿಕೊಂಡು ಬಂದು, ಮುಕ್ತಾಯದ ಗೆರೆಗೆ ಒಂದು ಮಾರು ಮೊದಲೇ ನಿಂತ. ಉಳಿದವರೆಲ್ಲ ದಾಟಿಹೋದರು.

"ಮೇಲೆ ಬ್ರೇಕ್ ಯಾಕೋ ಒತ್ತಿದೆ?" ಎಂದು ಓಡಿಹೋಗಿ ಕೇಳಿದೆ.

"ಸರ್ ಹೋಲ್ಡ್ ಅಂದ್ರಲ್ಲ!"

ತುಂಬಾದ ಕಡಲತೀರದಲ್ಲಿ ಆಗುತ್ತಿದ್ದದ್ದೂ ಇದೇ ಎಂದು ಆಗ ಎಲ್ಲರಿಗೂ ಹೊಳೆಯಿತು. ಗೆಳೆಯ ಹೆದರುತ್ತಾ ಹೆಂಡತಿಯ ಕಡೆ ನೋಡಿದ. ಅವರು ಬೈಕನ್ನೊಮ್ಮೆ, ನಮ್ಮನ್ನೊಮ್ಮೆ ದಿಟ್ಟಿಸಿದರು.

"ಬೈಕ್ ಮನೇಲೇ ಇರಲಿ ರೀ. ಗುಜರಿಗೆ ಇವರನ್ನ ಹಾಕೋಣ."