ರಜೆ: ಡಿಪೋ ರೀತ್ಯಾ

ಇನ್ನೂರ ಹದಿನಾಲ್ಕು ಬಸ್ಸುಗಳನ್ನು ಮೂವತ್ತೊಂದು ವರ್ಷ ಓಡಿಸಿದವನು ನಾನು! ಸ್ಟೀರಿಂಗ್ ಹಿಡಿದಲ್ಲ, ಪೆನ್ಸಿಲ್ ಹಿಡಿದು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತನೆಂದರೆ ಸಾಮಾನ್ಯ ಆಸಾಮಿಯಲ್ಲ ಸ್ವಾಮಿ. ನಾನು ರಬ್ಬರಿನಿಂದ ಒಂದು ಗೆರೆ ಅಳಿಸಿದರೆ ಇಡೀ ಬಡಾವಣೆ ನಡೆದುಕೊಂಡೇ ಆಫೀಸಿಗೆ ಹೋಗಬೇಕಾಗುತ್ತಿತ್ತು. ಸೂರ್ಯನೂ ಅಷ್ಟೇ, ನಮ್ಮ ಡಿಪೋ ಗೇಟಿನ ಕಡೆ ಒಮ್ಮೆ ಇಣುಕಿ, ಮೊದಲ ಬಸ್ಸು ಹೊರಟಿದೆಯೆಂದು ಖಾತ್ರಿ ಮಾಡಿಕೊಂಡೇ ಮೇಲೇಳುತ್ತಿದ್ದ.

ಇಂಥ ನಾನು ಐದು ಹೊಟ್ಟೆಗಳನ್ನು ನಾಲ್ಕು ದಿನ ಓಡಿಸಲಾರೆನೇ?

ಪ್ರಶ್ನೆ ಎದ್ದದ್ದು ರಜೆಗೆ ಹೊರಡುವ ಮುಂಚೆ. ಸಮುದ್ರದ ದಂಡೆಯ ಒಂದು ಪುಟ್ಟ ಊರಿನಲ್ಲಿ ಅಡುಗೆಮನೆ ಸಮೇತ ಬಾಡಿಗೆ ಮನೆ ಹಿಡಿದಿದ್ದೆವು. ನಾನು, ನನ್ನ ಹೆಂಡತಿ, ಮಗಳು, ಅಳಿಯ, ಏಳು ವರ್ಷದ ಮೊಮ್ಮಗಳು.

"ದಿನಾ ಹೋಟೆಲ್ ಊಟ ಅಂದ್ರೆ ಮಗು ಹೊಟ್ಟೆ ಏನಾಗ್ಬೇಕು? ಮನೇಲೇ ಮಾಡ್ಕೊಳ್ಳೋಣ" ಎಂದಳು ಮಗಳು. ಅವಳು ಶಾಲೆಯಲ್ಲಿ ಟೀಚರು. ಅವಳು ಹೇಳಿದ್ದು ಸಲಹೆಯಂತೆ ಕೇಳಿಸಿದರೂ ಅದು ಹೋಂವರ್ಕು.

"ರಜೆಗೆ ಹೋಗಿ ಪಾತ್ರೆ ತಿಕ್ಕೋದಾದ್ರೆ ಇಲ್ಲೇ ತಿಕ್ಕಬಹುದಲ್ಲ?" ಎಂದ ಅಳಿಯ. ಅವನಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಉಪ್ಪು ಹಾಕುವಾಗಲೂ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಾನೆ.

ಇಬ್ಬರೂ ಬೆಳಗಿನಿಂದ ಜಗ್ಗಾಡಿದ ಮೇಲೆ ನಾನು ಹೆಂಡತಿಯ ಕಡೆ ತಿರುಗಿದೆ. "ನಿನಗೇನು ಬೇಕು, ಅದು ಹೇಳೇ."

ಅವಳು ಕಾಳು ಆರಿಸುತ್ತಲೇ ಹೇಳಿದಳು. "ನಾಲ್ಕು ದಿನದಲ್ಲಿ ಒಂದೇ ಒಂದು ಊಟ. ನಾನು ಕೂತಿರ್ಬೇಕು, ಯಾರಾದ್ರೂ ಬಿಸಿಬಿಸಿಯಾಗಿ ತಂದು ಮುಂದಿಡ್ಬೇಕು, ಮಧ್ಯೆ ನಾನು ಏಳಬಾರ್ದು. ಅಷ್ಟು ಸಾಕು."

"ಒಂದಾ? ನಾಲ್ಕು ದಿನವೂ ನೀನು ಸೌಟು ಮುಟ್ಟುವ ಹಾಗಿಲ್ಲ!" ಎಂದು ಗುಡುಗಿದೆ ನಾನು. "ಎಲ್ಲಾ ನನಗೆ ಬಿಡು!"

"ನಿಮಗೆ ಬಿಟ್ಟಿದ್ದು ಏನೇನಾಗಿದೆ ಅಂತ ಗೊತ್ತಿದ್ದೂ ಬಿಡ್ತೀನಿ, ನೋಡಿ" ಎಂದಳು.

ನಾನು ಪೆನ್ಸಿಲ್ ಚೂಪು ಮಾಡಿದೆ. ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದೆ. ಒಂದನೇ ದಿನ: ಮನೆ. ಎರಡನೇ ದಿನ: ಹೋಟೆಲು. ಮೂರನೇ ದಿನ: ಮನೆ. ನಾಲ್ಕನೇ ದಿನ: ಹೋಟೆಲು. ಮನೆಯ ದಿನ ಮಧ್ಯಾಹ್ನದ ಅಡುಗೆ ನನ್ನದು, ಸಂಜೆಯದು ಅಳಿಯನದು. ಮಗಳೂ ಒಪ್ಪಿದಳು, ಅಳಿಯನೂ ಒಪ್ಪಿದ. ಮೂಲೆಯಲ್ಲಿ ಅಭ್ಯಾಸಬಲದಿಂದ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಎರಡು ಪದ ಬರೆದೆ: 'ಡಿಪೋ ರೀತ್ಯಾ'. ಮೂವತ್ತೊಂದು ವರ್ಷ ಪ್ರತಿ ಹಾಳೆಯ ಮೂಲೆಯಲ್ಲೂ ಬರೆದದ್ದೇ ಅದು. ಕೈ ತಾನಾಗಿ ಬರೆಯಿತು, ಅಷ್ಟೆ.

ಆ ಎರಡು ಪದಗಳು ನಮ್ಮನ್ನು ಕುಣಿಸಿದ ಪರಿ ಇದೆಯಲ್ಲ, ಅದನ್ನೇ ಹೇಳಹೊರಟಿದ್ದೇನೆ.

ಮೊದಲ ದಿನ ಹತ್ತು ಗಂಟೆಗೆ ತಲುಪಿದೆವು. ವೇಳಾಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಏಪ್ರನ್ ಕಟ್ಟಿಕೊಂಡು ರಣರಂಗಕ್ಕಿಳಿದೆ. ಅನ್ನ, ತರಕಾರಿ ಸೂಪು. ವಿಧಾನವನ್ನು ಫೋನಿನಲ್ಲಿ ನೋಡುತ್ತಾ ಮಾಡಿದೆ. 'ಈಗ ಕುದಿಯುವ ನೀರಿಗೆ ಹಾಕಿ' ಎಂದು ಫೋನು ಹೇಳಿತು. ನಾನು ಕ್ಯಾರೆಟ್ ಹಾಕಲು ಬಗ್ಗಿದೆ. ಜೇಬಿಲ್ಲದ ಏಪ್ರನ್ನಿನಲ್ಲಿ ಜೇಬಿದೆಯೆಂದು ನಂಬಿ ಫೋನನ್ನು ಎದೆಯ ಹತ್ತಿರ ಬಿಟ್ಟೆ. ಕ್ಯಾರೆಟ್ಟಿಗಿಂತ ಮುಂಚೆ ಫೋನೇ ಬೆಂದಿತು!

"ಸೂಪಿಗೆ ಹೊಸ ರುಚಿ ಬಂದಿದೆ ಮಾವ" ಎಂದ ಅಳಿಯ, ಲೋಟವನ್ನು ಬೆಳಕಿಗೆ ಹಿಡಿದು. ಹೆಂಡತಿ ಸದ್ದಿಲ್ಲದೆ ಎದ್ದು ಸೂಪು ಚೆಲ್ಲಿ, ಬ್ರೆಡ್ಡಿಗೆ ಬೆಣ್ಣೆ ಸವರಿ ಎಲ್ಲರಿಗೂ ಕೊಟ್ಟಳು. ಸೌಟು ಮಾತ್ರ ಮುಟ್ಟಲಿಲ್ಲ. ಕರಾರು ಕರಾರೇ!

ಗಡಿಯಾರ ನಾಲ್ಕು ಹೊಡೆಯಿತು. ನನ್ನ ಪಾಲಿಗೆ ಎರಡನೇ ದಿನ ಹುಟ್ಟಿತು!

ಹುಬ್ಬು ಗಂಟಿಕ್ಕಬೇಡಿ. ನಮ್ಮ ಡಿಪೋದಲ್ಲಿ ದಿನ ಶುರುವಾಗುತ್ತಿದ್ದದ್ದೇ ಸಂಜೆ ನಾಲ್ಕಕ್ಕೆ. ದೂರದೂರಿನ ಬಸ್ಸುಗಳ ಚಾಲಕರು ಡ್ಯೂಟಿಗೆ ಸಹಿ ಹಾಕುವ ಹೊತ್ತು ಅದು. ಸೋಮವಾರ ನಾಲ್ಕಾಯಿತೆಂದರೆ ಹೊಸ ಹಾಳೆ, ಮಂಗಳವಾರ. ಉಳಿದ ಜಗತ್ತು ಬೇರೆ ಥರ ದಿನ ಎಣಿಸುತ್ತದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಜಗತ್ತು ನನ್ನಿಂದ ಕಲಿಯಬೇಕೇ ಹೊರತು ನಾನು ಜಗತ್ತಿನಿಂದಲ್ಲ ಎಂಬ ಭಾವನೆ ಆಳದಲ್ಲೆಲ್ಲೋ ಇತ್ತು.

ಎರಡನೇ ದಿನವೆಂದರೆ ಹೋಟೆಲು. ಆ ಊರಿಗೆ ಇದ್ದದ್ದು ಒಂದೇ ಹೋಟೆಲು, ಅಲ್ಲಿ ಮೇಜು ಕಾದಿರಿಸುವ ಪದ್ಧತಿಯಿಲ್ಲ, ಮೊದಲು ಕೂತವನದೇ ಜಾಗ. ಬಸ್ಸಿನ ಸೀಟು ಹಿಡಿಯುವ ಕಲೆಯನ್ನು ನನಗೆ ಯಾರು ಹೇಳಿಕೊಡಬೇಕು? ಐದು ಕರವಸ್ತ್ರ ಮಡಚಿ ಇಟ್ಟುಕೊಂಡೆ. "ನಾನು ಮುಂದೆ ಹೋಗಿರ್ತೀನಿ, ಹಿಂದೇನೇ ಬನ್ನಿ!" ಎಂದು ಬಾಗಿಲಲ್ಲಿ ಕೂಗಿದೆ. ಒಳಗೆ ಮಿಕ್ಸಿ ಗರಗರ ಎನ್ನುತ್ತಿತ್ತು. ಅಳಿಯ ಮಗುವಿಗೆ ಜ್ಯೂಸು ಮಾಡುತ್ತಿರಬೇಕೆಂದುಕೊಂಡು ಹೊರಟೆ.

ಕಿಟಕಿಯ ಪಕ್ಕದ ಮೇಜು. ನಾಲ್ಕು ಕುರ್ಚಿಗೆ ನಾಲ್ಕು ಕರವಸ್ತ್ರ, ಐದನೆಯದು ನನ್ನ ಕೊರಳಿಗೆ. ಕೂತೆ. ಆರೂವರೆ. ಏಳು. ಬಡಿಸುವಾತ ನನ್ನ ವಯಸ್ಸಿನವನೇ, ಮುಖದಲ್ಲಿ ನಗು ಬಂದು ವರ್ಷಗಳಾಗಿರಬೇಕು.

"ಮಿಕ್ಕವರು ಸಾರ್?"

"ದಾರಿಯಲ್ಲಿದ್ದಾರೆ."

ಏಳೂಕಾಲು. ಬಾಗಿಲಲ್ಲಿ ಜನ ಸಾಲುಗಟ್ಟಿದರು.

"ದೂರದ ದಾರಿಯಾ ಸಾರ್?"

"ಆರ್ಡರ್ ಕೊಟ್ಟರೆ ಸೀಟು ಉಳಿಯುತ್ತಾ?"

"ಉಳಿಯುತ್ತೆ."

"ಹಾಗಾದ್ರೆ ಐದು ಊಟ!"

ಐದು ಊಟ ಬಂತು. ಹಬೆಯಾಡುವ ಐದು ತಟ್ಟೆಗಳ ನಡುವೆ ನಾನೊಬ್ಬ, ತಪಸ್ಸಿಗೆ ಕೂತ ಹೊಟ್ಟೆಬಾಕನ ಹಾಗೆ! ಸಾಲಿನಲ್ಲಿ ನಿಂತವರೆಲ್ಲ ನನ್ನನ್ನು ನುಂಗುವಂತೆ ನೋಡಿದರು. ಕೊನೆಗೆ ಐದನ್ನೂ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಬಂದರೆ, ಮೇಜಿನ ಮೇಲೆ ಅಳಿಯ ಮಾಡಿದ ಐದು ಊಟ ಕಾಯುತ್ತಿದೆ. ಹೆಂಡತಿ ಒಲೆಯ ಮುಂದೆ ನಿಂತಿದ್ದಾಳೆ.

"ಎಲ್ಲಿಗೆ ಹೋಗಿದ್ರಿ? ಮೂರು ಸಲ ಬಿಸಿ ಮಾಡ್ದೆ!"

"ನೀವೆಲ್ಲಿ ಹೋಗಿದ್ರಿ? ಇವತ್ತು ಹೋಟೆಲ್ ತಾನೆ?"

"ಅಪ್ಪಾ, ಒಂದನೇ ದಿನ ಮನೆ! ನೀವೇ ಬರ್ದಿದ್ದು!" ಮಗಳು ಫ್ರಿಜ್ಜಿನ ಮೇಲೆ ಬೆರಳಿಂದ ಟಪಟಪ ಬಡಿದಳು, ಕಪ್ಪು ಹಲಗೆಯೇನೋ ಎಂಬಂತೆ.

ವಾದ ಬೇಡವೆಂದು ಪೊಟ್ಟಣಗಳನ್ನು ಮೇಜಿನ ಮೇಲಿಟ್ಟೆ. ಐದು ಜನಕ್ಕೆ ಹತ್ತು ಊಟ. ಉಳಿದದ್ದನ್ನು ಡಬ್ಬಿಗೆ ತುಂಬಿದವಳು ಹೆಂಡತಿ, ಡಬ್ಬಿಯನ್ನು ಫ್ರಿಜ್ಜಿಗೆ ತುರುಕಿದವಳು ಹೆಂಡತಿ, ಪಾತ್ರೆ ತೊಳೆದವಳೂ ಹೆಂಡತಿಯೇ. ಸೌಟೊಂದನ್ನು ಬಿಟ್ಟು ಅಡುಗೆಮನೆಯಲ್ಲಿ ಇದ್ದದ್ದನ್ನೆಲ್ಲ ಮುಟ್ಟಿದಳು!

ಮರುದಿನ ಮಧ್ಯಾಹ್ನ ಯಾವ ಲೆಕ್ಕದಲ್ಲಿ ನೋಡಿದರೂ ಹೋಟೆಲೇ. ಪಂಚಾಂಗವೂ ಡಿಪೋವೂ ಕೈಕುಲುಕಿದ ಶುಭಘಳಿಗೆ! ಹೆಂಡತಿಯ ಮುಖವೂ ಅರಳಿತ್ತು. ಐವರೂ ಮೆರವಣಿಗೆಯಂತೆ ಹೋದೆವು. ಬಾಗಿಲಿಗೆ ಬೋರ್ಡು: 'ಸಂಜೆ ಮಾತ್ರ.'

"ಬಸ್ಸು ಬರೋ ಹೊತ್ತು ಬರೆಯೋರಿಗೆ ಹೋಟೆಲ್ ತೆರೆಯೋ ಹೊತ್ತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?" ಎಂದಳು ಹೆಂಡತಿ. ರಸ್ತೆಬದಿಯ ಕಲ್ಲುಬೆಂಚಿನ ಮೇಲೆ ಕೂತು ಬನ್ನು, ಬಾಳೆಹಣ್ಣು ತಿಂದೆವು. ಕೂತದ್ದು ನಾವು ನಾಲ್ವರು. ಬೆಂಚಿನಲ್ಲಿ ಜಾಗ ಸಾಲದೆ ಅವಳು ನಿಂತೇ ಮಗುವಿಗೆ ಹಣ್ಣು ಸುಲಿದುಕೊಟ್ಟಳು. ನನ್ನ ಎದೆಯಲ್ಲಿ ಸಣ್ಣದೊಂದು ಮುಳ್ಳು ಚುಚ್ಚಿತು. ಒಂದೇ ಒಂದು ಊಟ ಕೇಳಿದ್ದಳು!

ಅಲ್ಲೇ ತೀರ್ಮಾನಿಸಿದೆ. ನನ್ನ ಲೆಕ್ಕ ಬಿಡುತ್ತೇನೆ. ಮನೆಯವರ ಲೆಕ್ಕ ಹಿಡಿಯುತ್ತೇನೆ. ಅವರ ಪ್ರಕಾರ ಇಂದು ಸಂಜೆಯೂ ಎರಡನೇ ದಿನವೇ, ಆದ್ದರಿಂದ ಹೋಟೆಲೇ! ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಸೋಲನ್ನು ಒಪ್ಪಿಕೊಳ್ಳುವುದು ಬೇರೆ, ಪ್ರಕಟಿಸುವುದು ಬೇರೆ.

ಅಂದು ಐದು ಗಂಟೆಗೆ, ಅವರೆಲ್ಲ ಮರಳಿನಲ್ಲಿ ಆಡುತ್ತಿದ್ದಾಗ, ಐದು ಕರವಸ್ತ್ರಗಳೊಂದಿಗೆ ಹೊರಟೆ. ಅದೇ ಕಿಟಕಿ, ಅದೇ ಮೇಜು.

"ನಿನ್ನೆಯವರು ಇನ್ನೂ ದಾರಿಯಲ್ಲೇ ಇದ್ದಾರಾ ಸಾರ್?"

"ಇವತ್ತು ಖಂಡಿತ ಬರ್ತಾರೆ. ಅವರ ಲೆಕ್ಕದ ಪ್ರಕಾರವೇ ಬಂದಿದ್ದೀನಿ!"

ಬಡಿಸುವಾತ ನನ್ನನ್ನು ಕರುಣೆಯಿಂದ ನೋಡಿ, ಕೇಳದೆಯೇ ಒಂದು ಲೋಟ ತಣ್ಣೀರು ಇಟ್ಟ. ಹಾಗೆ ಮನೆ ಬಿಟ್ಟು ಬಂದು ಕೂರುವ ಗಂಡಸರು ಆ ಊರಿಗೆ ಹೊಸಬರಲ್ಲವೆಂದು ಕಾಣುತ್ತದೆ.

ಏಳು. ಏಳೂಕಾಲು. ಏಳೂವರೆ. ಒಬ್ಬರೂ ಇಲ್ಲ! ತಲೆ ಗಿರ್ರೆಂದಿತು. ಇವತ್ತು ಎರಡನೇ ದಿನವೋ, ಮೂರನೆಯದೋ? ನಾನು ನನ್ನ ಲೆಕ್ಕದಲ್ಲಿದ್ದೇನೋ, ಅವರದರಲ್ಲೋ? ಕರವಸ್ತ್ರಗಳನ್ನು ಬಾಚಿಕೊಂಡು ಮನೆಗೆ ಓಡಿದೆ. ಮನೆಗೆ ಬೀಗ! ಒಳಗಿನಿಂದ ಒಗ್ಗರಣೆಯ ವಾಸನೆ!

ಮೆಟ್ಟಿಲ ಮೇಲೆ ಕೂತೆ. ಎಂಟೂಕಾಲಕ್ಕೆ ನಾಲ್ವರೂ ಇನ್ನೊಂದು ಬೀದಿಯಿಂದ ಬಂದರು. ಹೆಂಡತಿ ಪೆಟ್ಟಿಗೆಯ ತಳದಿಂದ ತೆಗೆದ ಇಸ್ತ್ರಿ ಬಟ್ಟೆ ಉಟ್ಟಿದ್ದಳು.

"ಎಲ್ಲಿ ಹೋಗಿದ್ರಿ?" ಎಂದೆ.

"ಹೋಟೆಲಿಗೆ! ನಿಮ್ಮನ್ನ ಹುಡುಕ್ಕೊಂಡು!" ಎಂದಳು ಮಗಳು. "ಮಗು ಆ ಸಣ್ಣ ಅಕ್ಷರ ಓದ್ತು. ಡಿಪೋ ರೀತ್ಯಾ! ಅಮ್ಮ ಅದರ ಅರ್ಥ ಹೇಳಿದ್ಳು. ಅಪ್ಪನಿಗೆ ಬೇಜಾರಾಗೋದು ಬೇಡ, ಇವತ್ತಿಂದ ಅವರ ಲೆಕ್ಕವೇ ನಡೀಲಿ ಅಂತ ನಾವು ಮಾತಾಡ್ಕೊಂಡ್ವಿ. ನಾಲ್ಕು ಗಂಟೆಗೆ ಮೂರನೇ ದಿನ ಶುರು, ಮೂರನೇ ದಿನ ಮನೆ. ಇವರು ಅಡುಗೆ ಮಾಡಿದ್ರು. ನೀವು ನೋಡಿದ್ರೆ ನಾಪತ್ತೆ!"

"ನಾನು ನಿಮ್ಮ ಲೆಕ್ಕ ಹಿಡಿದೆ ಕಣಮ್ಮಾ!"

"ನಾವು ನಿಮ್ಮ ಲೆಕ್ಕ ಹಿಡಿದ್ವಿ ಮಾವ!"

ಎರಡು ಬಸ್ಸುಗಳು ಒಂದಕ್ಕೊಂದು ದಾರಿ ಬಿಡಲು ಹೋಗಿ ಎರಡೂ ಚರಂಡಿಗೆ ಇಳಿದಿದ್ದವು. ಮೂವತ್ತೊಂದು ವರ್ಷದಲ್ಲಿ ಇಂಥ ಅಪಘಾತ ನಾನು ಕಂಡಿರಲಿಲ್ಲ.

"ಹೋಟೆಲಿನ ಬಾಗಿಲ ತನಕ ಹೋಗಿದ್ದೆ" ಎಂದಳು ಹೆಂಡತಿ, ಯಾರಿಗೆಂದಿಲ್ಲದೆ. "ಎಂಟಕ್ಕೇ ಮುಚ್ತಾರಂತೆ, ಆಗಲೇ ಒಲೆ ಆರಿಸಿದ್ರು. ಕುರ್ಚಿಗಳನ್ನ ಮೇಜಿನ ಮೇಲೆ ಮಗುಚಿಡ್ತಾ ಇದ್ರು." ಮತ್ತೆ ಇಸ್ತ್ರಿ ಬಟ್ಟೆಯ ಮೇಲೆ ಏಪ್ರನ್ ಕಟ್ಟಿಕೊಂಡು, ಆರಿದ ಅಡುಗೆಯನ್ನು ಬಿಸಿ ಮಾಡಲು ಒಳಗೆ ಹೋದಳು.

ಪಂಚಾಂಗದ ಮೂರನೇ ದಿನ ಸಂಜೆ ನಾಲ್ಕಕ್ಕೆ ನಾನೇ ತುರ್ತು ಸಭೆ ಕರೆದೆ. ಊಟದ ಮೇಜಿನ ಸುತ್ತ ಎಲ್ಲರೂ ಕೂತೆವು. ಇನ್ನು ಮೇಲೆ ಒಂದೇ ಲೆಕ್ಕ! ಯಾರದ್ದು ಎಂಬುದಷ್ಟೇ ಪ್ರಶ್ನೆ.

"ನಮ್ಮ ಪ್ರಕಾರ ಇವತ್ತು ಮೂರನೇ ದಿನ, ಮನೆ" ಎಂದಳು ಮಗಳು.

"ನನ್ನ ಪ್ರಕಾರ ನಾಲ್ಕು ಹೊಡೆದಾಯ್ತು. ನಾಲ್ಕನೇ ದಿನ, ಹೋಟೆಲು."

"ಹಾಗಾದ್ರೆ ನಾಳೆ ಸಂಜೆ ಎಷ್ಟನೇ ದಿನ ಮಾವ?"

"ಐದನೇದು."

"ಮನೆ ಹಿಡಿದಿರೋದು ನಾಲ್ಕೇ ದಿನಕ್ಕೆ."

"ಹಾಗಾದ್ರೆ ನಾಳೆ ಸಂಜೆ ನಾವಿಲ್ಲಿ ಇರೋದೇ ಇಲ್ಲ!"

"ಇರ್ತೀವಿ ಅಪ್ಪಾ! ಮೈ ಕೈ ಎಲ್ಲಾ ಇಲ್ಲೇ ಇರುತ್ತೆ!"

"ಮತ್ತೆ ಫ್ರಿಜ್ಜಿನಲ್ಲಿರೋ ಡಬ್ಬಿಗಳು?" ಎಂದ ಅಳಿಯ. "ಅದನ್ನು ಬಿಸಿ ಮಾಡಿ ತಿಂದ್ರೆ ಮನೆ ಊಟವಾ ಹೋಟೆಲ್ ಊಟವಾ? ಅದರಲ್ಲಿ ಅರ್ಧ ಹೋಟೆಲಿಂದು."

ಭಯಂಕರ ಪ್ರಶ್ನೆ! ಮಗಳು ಹೊಸ ಹಾಳೆ ತಂದಳು. ನಾನು ಪೆನ್ಸಿಲ್ ಚೂಪು ಮಾಡಿದೆ. ಅಳಿಯ ಬಣ್ಣದ ಗೆರೆ ಬೇಕೆಂದ. ಆರು ಗಂಟೆಯಾದರೂ ನಾವು ಆ ದಿನದ ನಂಬರು ಗೊತ್ತುಮಾಡಿರಲಿಲ್ಲ.

"ಅಜ್ಜಿ ಎಲ್ಲಿ?" ಎಂದಳು ಮೊಮ್ಮಗಳು.

ತಲೆಯೆತ್ತಿ ನೋಡಿದರೆ ಹೆಂಡತಿಯ ಕುರ್ಚಿ ಖಾಲಿ. ಅಡುಗೆಮನೆಗೆ ನುಗ್ಗಿದೆವು. ಒಲೆ ತಣ್ಣಗಿದೆ, ಸೌಟು ಮೊಳೆಯಲ್ಲಿ ನೇತಾಡುತ್ತಿದೆ. ಕೋಣೆ, ಬಚ್ಚಲು, ಹಿತ್ತಲು, ಎಲ್ಲೂ ಇಲ್ಲ. ಆಗ ಕಣ್ಣಿಗೆ ಬಿತ್ತು ಫ್ರಿಜ್ಜಿನ ಮೇಲಿನ ವೇಳಾಪಟ್ಟಿ. 'ಡಿಪೋ ರೀತ್ಯಾ' ಎಂಬುದರ ಕೆಳಗೆ, ಅವಳ ದುಂಡನೆಯ ಅಕ್ಷರ, ನನ್ನದರ ಹತ್ತರಷ್ಟು ದೊಡ್ಡದಾಗಿ:

'ಪ್ರಯಾಣಿಕರ ರೀತ್ಯಾ: ಈಗಲೇ.'

ನಾಲ್ವರೂ ಓಡಿದೆವು. ಹೋಟೆಲಿನ ಬಾಗಿಲಲ್ಲಿ ಬಡಿಸುವಾತ ನಿಂತಿದ್ದ. ಮೂರು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗುವಿತ್ತು.

"ದಾರಿಯಲ್ಲಿದ್ದವರು ತಲುಪಿದ್ರು ಸಾರ್!"

ಕಿಟಕಿಯ ಪಕ್ಕ, ನಾನು ಎರಡು ಸಂಜೆ ಕಾದ ಅದೇ ಮೇಜಿನಲ್ಲಿ, ಇಸ್ತ್ರಿ ಬಟ್ಟೆಯ ನನ್ನ ಹೆಂಡತಿ. ಮುಂದೆ ಹಬೆಯಾಡುವ ತಟ್ಟೆ. ಒಂದೊಂದು ತುತ್ತಿಗೂ ಒಮ್ಮೆ ಸಮುದ್ರ ನೋಡುತ್ತಾ, ಅವಸರವೇ ಇಲ್ಲದೆ ಊಟ ಮಾಡುತ್ತಿದ್ದಳು. ಅಷ್ಟು ನಿಧಾನವಾಗಿ ಅವಳು ಉಂಡದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ. ಅವಳ ಎದುರಿನ ಕುರ್ಚಿಯ ಮೇಲೆ ನನ್ನದೇ ಒಂದು ಕರವಸ್ತ್ರ ನೀಟಾಗಿ ಹಾಸಿತ್ತು.

ನನ್ನ ಎದೆ ಉಬ್ಬಿತು. ಏನೇ ಆಗಲಿ, ಗಂಡನಿಗೊಂದು ಸೀಟು ಹಿಡಿದಿದ್ದಾಳೆ! ಮುಖದ ತುಂಬ ನಗು ತಂದುಕೊಂಡು ಕುರ್ಚಿ ಎಳೆದೆ.

"ಏನ್ರೀ, ಕರವಸ್ತ್ರ ಕಾಣಿಸಲ್ವಾ? ಆ ಸೀಟಿಗೆ ಜನ ಇದ್ದಾರೆ."

"ನನಗೆ ತಾನೆ ಹಿಡಿದದ್ದು? ಮತ್ಯಾರಿಗೆ?"

ಅವಳು ಚಪ್ಪಲಿ ಕಳಚಿದಳು. ಎರಡೂ ಕಾಲನ್ನು ಎತ್ತಿ, ಮೆಲ್ಲಗೆ ಆ ಕರವಸ್ತ್ರದ ಮೇಲೆ ನೀಡಿಕೊಂಡಳು.

"ಇವಕ್ಕೆ. ಮೂವತ್ತಾರು ವರ್ಷದಿಂದ ಒಲೆ ಮುಂದೆ ನಿಂತ್ಕೊಂಡೇ ಪ್ರಯಾಣ ಮಾಡಿವೆ ಪಾಪ. ನೀವು ಬಾಗಿಲಲ್ಲಿ ನಿಂತು ಜನಕ್ಕೆ ಅಡ್ಡಿ ಮಾಡ್ಬೇಡಿ. ಹಿಂದಿನ ಬಸ್ಸು ಖಾಲಿ ಬರ್ತಿದೆ, ಅದಕ್ಕೆ ಹತ್ತಿ!"