ಕಾಶಿಯಲ್ಲಿ ನಾನು ಕಟ್ಟಿದ ಫುಟ್‌ಬಾಲ್ ಟೀಮು

ಕೆಲವರ ಮುಖದಲ್ಲೇ ಏನೋ ಒಂದು ಕಳೆ ಇರುತ್ತದೆ. ಅದನ್ನು ನೋಡಿದವರಿಗೆಲ್ಲ 'ಇವರಿಗೆ ಒಂದು ಕೆಲಸ ಹಚ್ಚಿದರೆ ಇಲ್ಲ ಅನ್ನುವುದಿಲ್ಲ' ಎಂದು ತಕ್ಷಣ ಗೊತ್ತಾಗಿಬಿಡುತ್ತದೆ. ನನ್ನದು ಅಂಥ ಮುಖ. ಬ್ಯಾಂಕಿನವರು ದಾವಣಗೆರೆಯಿಂದ ಎತ್ತಿ ಕಾಶಿಗೆ ಹಾಕಿದಾಗ, ಇಲ್ಲಿ ಕನ್ನಡದವರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು, ಇನ್ನು ಮೇಲಾದರೂ ಹಾಯಾಗಿರಬಹುದು ಅಂದುಕೊಂಡಿದ್ದೆ. ಜನ ಕಡಿಮೆಯಾದಷ್ಟೂ ಕೆಲಸ ಹಂಚಿಕೊಳ್ಳುವವರೂ ಕಡಿಮೆ ಎಂಬ ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ. ಬಂದ ಆರು ತಿಂಗಳಲ್ಲಿ ನಾನು ಕನ್ನಡ ಸಂಘದ ಕಾರ್ಯದರ್ಶಿಯಾದೆ, ಊರಿಂದ ಬರುವ ಯಾತ್ರಿಕರಿಗೆ ದಶಾಶ್ವಮೇಧ ಘಾಟ್ ತೋರಿಸುವವನಾದೆ, ಕೊನೆಗೆ ಸಂಘದ ಫುಟ್‌ಬಾಲ್ ಟೀಮಿನ ಮ್ಯಾನೇಜರೂ ಆದೆ. 'ನನಗೆ ಫುಟ್‌ಬಾಲ್ ಗೊತ್ತಿಲ್ಲ' ಅಂದೆ. 'ಗೊತ್ತಿದ್ದವರು ಯಾರೂ ಒಪ್ಪುತ್ತಿಲ್ಲ' ಎಂದರು ಅಧ್ಯಕ್ಷರು.

ಕಾಶಿಯಲ್ಲಿ ಫುಟ್‌ಬಾಲೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ. ಪ್ರತಿ ಚಳಿಗಾಲದ ಭಾನುವಾರಗಳಲ್ಲಿ, ಅಸ್ಸಿ ಘಾಟಿನಿಂದ ಸ್ವಲ್ಪ ಒಳಗಿರುವ ಒಂದು ಶಾಲೆಯ ಮೈದಾನದಲ್ಲಿ, ಇಲ್ಲಿ ನೆಲೆಸಿರುವ ಬಂಗಾಳಿ, ಮರಾಠಿ, ತೆಲುಗು ಮತ್ತು ಕನ್ನಡದವರ ನಾಲ್ಕು ಟೀಮುಗಳು ಆಡುತ್ತವೆ. ಇದನ್ನೆಲ್ಲ ನಡೆಸುವವರು ಘೋಷ್ ದಾದಾ ಎಂಬ ನಿವೃತ್ತ ಹೆಡ್‌ಮಾಸ್ಟರು. ಅವರದೊಂದು ವಿಚಿತ್ರ ನಿಯಮವಿತ್ತು. ಇದು ಸಂಸಾರಸ್ಥರ ಆಟವಾದ್ದರಿಂದ ಪ್ರತಿ ಟೀಮಿನಲ್ಲೂ ಐವತ್ತು ದಾಟಿದ ಒಬ್ಬರು ಮೈದಾನದಲ್ಲಿ ಇರಲೇಬೇಕು. ನಮ್ಮ ಟೀಮಿನ ಐವತ್ತು ದಾಟಿದವನು ನಾನೇ. ನನ್ನನ್ನು ಎಡಗಡೆ ಹಿಂದೆ, ಯಾರಿಗೂ ತೊಂದರೆಯಾಗದ ಜಾಗದಲ್ಲಿ ನಿಲ್ಲಿಸುತ್ತಿದ್ದರು.

ಎರಡು ವರ್ಷದ ಹಿಂದೆ ನಾವು ಮೂರೂ ಪಂದ್ಯ ಸೋತೆವು. ಬಂಗಾಳಿಗಳ ಮೇಲೆ ಒಂಬತ್ತು ಸೊನ್ನೆ. ಇದರಲ್ಲಿ ನಮ್ಮ ಗೋಲ್‌ಕೀಪರ್ ಪಾಟೀಲರ ಭಕ್ತಿಯ ಪಾಲೂ ಇದೆ. ಮೈದಾನದ ಪಕ್ಕದ ರಸ್ತೆಯಲ್ಲಿ 'ರಾಮ ನಾಮ ಸತ್ಯ ಹೈ' ಎಂದು ಹೆಣ ಹೊತ್ತುಕೊಂಡು ಹೋದಾಗಲೆಲ್ಲ ಅವರು ಆ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಬೇರೆ ಊರಾಗಿದ್ದರೆ ನಡೆಯುತ್ತಿತ್ತು. ಕಾಶಿಯಲ್ಲಿ, ಅದೂ ಭಾನುವಾರ ಬೆಳಿಗ್ಗೆ, ಗೋಲ್‌ಕೀಪರನಾದವನು ಹೀಗೆ ಕೈ ಮುಗಿಯುತ್ತ ನಿಂತರೆ ಚೆಂಡು ಹಿಡಿಯುವುದು ಯಾವಾಗ? ಒಂಬತ್ತರಲ್ಲಿ ನಾಲ್ಕು ಗೋಲು ಪರಲೋಕದ ಖಾತೆಗೇ ಸೇರಬೇಕು. ಮಿಕ್ಕ ಐದು ನನ್ನ ಎಡಗಡೆಯಿಂದ ಬಂದವು.

ಆಮೇಲೆ ಸಂಘದ ಸಭೆಯಲ್ಲಿ ಅಧ್ಯಕ್ಷರು, 'ಇನ್ನೊಂದು ಸಲ ಕೊನೇ ಸ್ಥಾನ ಬಂದರೆ ಟೀಮು ಮುಚ್ಚಿಬಿಡೋಣ, ಆ ಭಾನುವಾರಗಳಲ್ಲಿ ಭಜನೆ ಇಟ್ಟುಕೊಳ್ಳೋಣ' ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಆಡಿಸಲಿಲ್ಲ. ಭಜನೆಯ ಮೇಲೆ ನನಗೇನೂ ಕೋಪವಿಲ್ಲ. ಆದರೆ ತೀರಾ ಚಿಕ್ಕವಳಾಗಿದ್ದಾಗಲೇ ಇಲ್ಲಿಗೆ ಬಂದ ನನ್ನ ಮಗಳು ಅನು ಶಾಲೆಯಲ್ಲಿ ಹಿಂದಿ, ಗೆಳತಿಯರ ಜೊತೆ ಹಿಂದಿ, ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೂ ಹಿಂದಿ. ಅವಳಿಗೆ ಬರುವ ಕನ್ನಡವೆಲ್ಲ ಆ ಮೈದಾನದ ಅಂಚಿನಲ್ಲಿ ನಿಂತು ಕಲಿತದ್ದು. 'ಒದಿಯೋ!', 'ಬಿಡಬೇಡ!', 'ಅಯ್ಯೋ ನಿನ್ನ ಮನೆ ಹಾಳಾಗ!' ಅದರಲ್ಲಿ ಬಹುಪಾಲು ನನ್ನನ್ನು ಕುರಿತದ್ದೇ ಆಗಿದ್ದರೂ, ಕನ್ನಡವೇ ತಾನೆ.

ನಮ್ಮ ಪುಣ್ಯಕ್ಕೆ ಮರುವರ್ಷ ಘೋಷ್ ದಾದಾ ಮೊಮ್ಮಗನ ಮೊಬೈಲಿನಲ್ಲಿ ವಿದೇಶದ ಆಟಗಳನ್ನು ನೋಡಿ ಎರಡು ಹೊಸ ಪದ್ಧತಿ ತಂದರು. ಒಂದು ಟೀಮು ಬೇಡವೆಂದು ಬಿಟ್ಟ ಆಟಗಾರ 'ಫ್ರೀ ಏಜೆಂಟ್'. ಅವನು ಯಾವ ಭಾಷೆಯವನಾದರೂ ಸರಿ, ಯಾವ ಟೀಮಿಗೆ ಬೇಕಾದರೂ ಸೇರಬಹುದು. ಎರಡನೆಯದು 'ಡ್ರಾಫ್ಟ್'. ಹೊಸದಾಗಿ ಹೆಸರು ಕೊಟ್ಟವರನ್ನೆಲ್ಲ ಸಾಲಾಗಿ ನಿಲ್ಲಿಸಿ ಟೀಮುಗಳು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವುದು, ಮೊದಲ ಆಯ್ಕೆ ಕೊನೆಯ ಸ್ಥಾನದವರದು. ಸೋತದ್ದಕ್ಕೆ ಬಹುಮಾನ ಸಿಕ್ಕಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ನಮ್ಮ ಕ್ಯಾಪ್ಟನ್ ಶಿವಾನಂದ, ಹುಬ್ಬಳ್ಳಿ ಕಡೆಯ ರೈಲ್ವೆ ನೌಕರ. ಅವನೂ ನಾನೂ ಮೊದಲು ಹೋದದ್ದು ಲಲ್ಲನ್ ಯಾದವ್ ಎಂಬ ಹಾಲಿನವನ ಹತ್ತಿರ. ಬೆಟ್ಟದಂಥ ಆಳು. ಮರಾಠಿಯವರ ಮನೆಗಳಿಗೆ ಹಾಲು ಹಾಕುವ ಸಲಿಗೆಯಲ್ಲಿ ಅವರ ಟೀಮಿಗೆ ಸೇರಿದ್ದ. ರೆಫರಿಯ ಪ್ರತಿ ಸೀಟಿಗೂ ವಾದಕ್ಕೆ ನಿಲ್ಲುತ್ತಾನೆಂದು ಮರಾಠಿಯವರು ಅವನನ್ನು ಬಿಟ್ಟಿದ್ದರು. ಅಸ್ಸಿಯ ಚಹಾ ಅಂಗಡಿಯಲ್ಲಿ ಕುಳಿತು ಮಾತಾಡಿದೆವು. ಮೂರು ಮಣ್ಣಿನ ಕುಲ್ಹಡ್ ಚಹಾ ಮುಗಿಯುವವರೆಗೆ ಅವನು ಎಮ್ಮೆಗಳ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಆಮೇಲೆ ಷರತ್ತು ಹೇಳಿದ: 'ಬಾಬೂಜಿ, ಊ ಪೀಲಾ ವಾಲಾ ಭಾತ್ ಖಿಲಾಯೇಂಗೇ, ತೋ ಆಯೇಂಗೇ.' ಆ ಹಳದಿ ಅನ್ನ ತಿನ್ನಿಸಿದರೆ ಬರುತ್ತಾನಂತೆ; ಹಿಂದೊಮ್ಮೆ ಸಂಘದಲ್ಲಿ ತಿಂದ ಚಿತ್ರಾನ್ನ ಅವನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಪ್ರತಿ ಪಂದ್ಯಕ್ಕೂ ಒಂದು ಡಬ್ಬಿ ಚಿತ್ರಾನ್ನ ಎಂದು ಒಪ್ಪಂದವಾಯಿತು. ಮಾಡುವವಳು ನನ್ನ ಹೆಂಡತಿ ಎಂಬುದನ್ನು ಅವಳಿಗೆ ಆಮೇಲೆ ತಿಳಿಸಿದೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಡ್ರಾಫ್ಟಿಗೆ ಯಾರನ್ನು ಆರಿಸುವುದೆಂದು ತಲೆ ಕೆಡಿಸಿಕೊಂಡಿದ್ದಾಗ ನೆರವಿಗೆ ಬಂದವರು ಗಂಗಮ್ಮಜ್ಜಿ. ಅರಸೀಕೆರೆ ಕಡೆಯವರು. ಗಂಡ ತೀರಿದ ಮೇಲೆ ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು ಹನ್ನೊಂದು ವರ್ಷವಾಗಿದೆ, ಆರೋಗ್ಯ ಊರಲ್ಲಿದ್ದುದಕ್ಕಿಂತ ಚೆನ್ನಾಗಿದೆ. ದಿನಾ ಸಂಜೆ ಘಾಟಿನ ಮೆಟ್ಟಿಲ ಮೇಲೆ ಜಪಮಾಲೆ ಹಿಡಿದು ಕೂರುತ್ತಾರೆ. ಎದುರಿಗೆ ಕಾಲೇಜಿನವರು ಚೆಂಡು ಆಡುತ್ತಿರುತ್ತಾರೆ.

'ಜಪ ಕೈಗಪ್ಪ, ಕಣ್ಣಿಗೇನು ಕೆಲಸ?' ಎಂದರು ಅಜ್ಜಿ. 'ನೋಡ್ತಾ ಇರ್ತೀನಿ. ನೀನು ಆ ರಾಮನಗರದ ಹುಡುಗೀನ ತಗೊ. ಪಿಂಕಿ ಅಂತ. ಸೇತುವೆ ದಾಟಿ ಸ್ಕೂಟಿಯಲ್ಲಿ ಬರ್ತಾಳೆ.'

'ಹುಡುಗಿಯೇ ಅಜ್ಜಿ?'

'ಮೊನ್ನೆ ಒಂದು ಹಸ ಅಡ್ಡ ಬಂತು. ಇವಳು ಚೆಂಡನ್ನ ಅದರ ಹೊಟ್ಟೆ ಕೆಳಗಿಂದ ತೂರಿಸಿ, ಈ ಕಡೆಯಿಂದ ಸುತ್ತಿ ಹೋಗಿ ಹಿಡ್ಕೊಂಡಳು. ಹಸ ಮೆಲುಕು ಹಾಕೋದು ನಿಲ್ಲಿಸಲಿಲ್ಲ ಕಣಪ್ಪ. ಅಷ್ಟು ನಾಜೂಕು.'

ಡ್ರಾಫ್ಟಿನ ದಿನ ಸಾಲಿನಲ್ಲಿ ಆರಡಿ ಎತ್ತರದ ಒಬ್ಬ ತರುಣನಿದ್ದ, ಬಣ್ಣದ ಬೂಟು ಹಾಕಿಕೊಂಡು ನಿಂತಲ್ಲೇ ಜಿಗಿಯುತ್ತಿದ್ದ. ನಾನು ಅವನನ್ನೇ ಕರೆಯುತ್ತೇನೆಂದು ಎಲ್ಲರೂ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನ ಬಾಯಿಗೆ ಅವನ ಹೆಸರೇ ಬಂದಿತ್ತು. ಹಿಂದಿನಿಂದ ಅಜ್ಜಿ ಕೆಮ್ಮಿದರು. 'ಪಿಂಕಿ' ಎಂದೆ. ಸಾಲಿನ ಕೊನೆಯಲ್ಲಿ ನನ್ನ ಭುಜದಷ್ಟೂ ಎತ್ತರವಿಲ್ಲದ ಹುಡುಗಿ ಕೈ ಎತ್ತಿದಳು. ಮೈದಾನವೆಲ್ಲ ನಕ್ಕಿತು. ಘೋಷ್ ದಾದಾ ಮಾತ್ರ ನಿಯಮಾವಳಿಯ ಪುಸ್ತಕ ತಿರುವಿ ಹಾಕಿ, 'ಹೆಣ್ಣುಮಕ್ಕಳು ಆಡಬಾರದೆಂದು ನಾನು ಬರೆದೇ ಇಲ್ಲ' ಎಂದು ತಮ್ಮ ಬಗ್ಗೆ ತಾವೇ ಆಶ್ಚರ್ಯಪಟ್ಟರು.

ಇಷ್ಟಾದ ಮೇಲೆ ಪಾಟೀಲರಿಗೆ ಗೋರಖಪುರಕ್ಕೆ ವರ್ಗವಾಯಿತು, ಗೋಲ್‌ಕೀಪರ್ ಇಲ್ಲದಂತಾಯಿತು. ಬಂಗಾಳಿಗಳ ಹತ್ತಿರ ಇಬ್ಬರಿದ್ದರು. ಆದರೆ ಅವರ ಐವತ್ತು ದಾಟಿದವರು ಸೊಂಟ ಹಿಡಿದುಕೊಂಡು ಮಲಗಿದ್ದರು. ಒಂದು ಸಂಜೆ ಶಿವಾನಂದ ಮನೆಗೆ ಬಂದ. ಕೊಟ್ಟ ಕಾಫಿಯನ್ನು ಕುಡಿಯದೆ ಹಿಡಿದುಕೊಂಡೇ ಕೂತ.

'ಸರ್, ಒಂದ್ ಮಾತ್ ಹೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ.'

'ಹೇಳಪ್ಪ.'

'ನಮ್ಮ ಲಲ್ಲನ್ ಅದಾನಲ್ರಿ, ತಲಿಗೆ ಬಣ್ಣ ಹಚ್ಚತಾನ. ಆಧಾರ್ ಕಾರ್ಡ್ ನೋಡಿದ್ನಿ, ಐವತ್ತೆರಡು ಅಂತ ಐತಿ.'

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಲಲ್ಲನ್‌ಗೆ ಐವತ್ತೆರಡಾದರೆ ನಾನು ನಮ್ಮ ಟೀಮಿಗೆ ಬೇಕಿಲ್ಲ. ನನ್ನನ್ನು ಬಂಗಾಳಿಗಳಿಗೆ ಕೊಟ್ಟರೆ ಅವರು ಗೋಲ್‌ಕೀಪರನ್ನು ಕೊಡುತ್ತಾರೆ. ಬ್ಯಾಂಕಿನ ಇಪ್ಪತ್ತೆಂಟು ವರ್ಷಗಳಲ್ಲಿ ನನಗೆ ಏಳು ಸಲ ವರ್ಗವಾಗಿದೆ. ಒಂದು ಸಲವೂ ಆ ಆದೇಶಕ್ಕೆ ನಾನೇ ಸಹಿ ಹಾಕಿರಲಿಲ್ಲ. ಮ್ಯಾನೇಜರ್ ನಾನೇ ಆದ್ದರಿಂದ ಈ ಸಲ ಹಾಕಿದೆ. ಅನು ಕಾಗದ ಓದಿ, 'ಪಪ್ಪಾ, ಏಕ್ ಗೋಲ್‌ಕೀಪರ್ ಕೇ ಬದಲೇ?' ಎಂದಳು. ನನ್ನ ಬದಲಿಗೆ ಇಡೀ ಒಬ್ಬ ಗೋಲ್‌ಕೀಪರ್ ಸಿಕ್ಕಿದನೇ ಎಂಬ ಆಶ್ಚರ್ಯ ಅದರಲ್ಲಿತ್ತೋ, ಅಪ್ಪನ ಬೆಲೆ ಇಷ್ಟೇನಾ ಎಂಬ ದುಃಖವಿತ್ತೋ, ನಾನು ಕೇಳಲು ಹೋಗಲಿಲ್ಲ.

ಹೊಸ ಟೀಮು ಚೆನ್ನಾಗಿಯೇ ಆಡಿತು. ಮರಾಠಿಯವರ ಮೇಲೆ ಸಮ ಮಾಡಿಕೊಂಡರು, ತೆಲುಗಿನವರ ಮೇಲೆ ಒಂದೇ ಗೋಲಿನಿಂದ ಸೋತರು. ಕೊನೆಯ ಪಂದ್ಯ ಬಂಗಾಳಿಗಳ ಮೇಲೆ. ಗೆದ್ದರೆ ಕೊನೆಯ ಸ್ಥಾನ ತಪ್ಪುತ್ತದೆ, ಇಲ್ಲದಿದ್ದರೆ ಭಜನೆ. ನಾನು ಹಸಿರು ಅಂಗಿ ಹಾಕಿಕೊಂಡು ಬಂಗಾಳಿಗಳ ಎಡಗಡೆ ಹಿಂದೆ ನಿಂತಿದ್ದೆ. ಘೋಷ್ ದಾದಾ ಮೊದಲೇ ನನ್ನ ಕೈ ಹಿಡಿದು, 'ನೀವು ಧರ್ಮಸಂಕಟದಲ್ಲಿದ್ದೀರಿ ಅಂತ ಗೊತ್ತು, ಆಟಕ್ಕೆ ನ್ಯಾಯ ಮಾಡಿ' ಎಂದಿದ್ದರು. ನ್ಯಾಯ ಮಾಡಬೇಕೆಂದು ನಾನು ನಿಜವಾಗಿಯೂ ನಿರ್ಧರಿಸಿದ್ದೆ. ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ಹತ್ತು ಬಸ್ಕಿ ಕೂಡ ಹೊಡೆದಿದ್ದೆ.

ಆಟ ಮುಗಿಯಲು ಐದು ನಿಮಿಷವಿರುವಾಗಲೂ ಸೊನ್ನೆ ಸೊನ್ನೆ. ಆಗ ಲಲ್ಲನ್ ಬೀಸಿ ಒದ್ದ ಚೆಂಡು ಪುಟಿಯುತ್ತ ನೇರ ನನ್ನ ಕಾಲ ಬುಡಕ್ಕೇ ಬಂತು. ಜೀವಮಾನದಲ್ಲಿ ಚೆಂಡು ನನ್ನನ್ನು ಇಷ್ಟು ಹುಡುಕಿಕೊಂಡು ಬಂದಿರಲಿಲ್ಲ. ಕಾಲೆತ್ತಿದೆ. ಎದುರಿನಿಂದ ಪಿಂಕಿ ಓಡಿಬರುತ್ತಿದ್ದಳು. ಬರುತ್ತಲೇ ಕೂಗಿದಳು: 'ಸರ್, ಬಿಡೀ!'

ನಾನು ಬಿಟ್ಟೆ.

ನಾಲ್ಕು ವರ್ಷಗಳಿಂದ ಮೈದಾನದಲ್ಲಿ ನಮ್ಮವರು ನನಗೆ ಹೇಳುತ್ತಿದ್ದುದು ಅದೊಂದೇ ಮಾತು. ಚೆಂಡು ಹತ್ತಿರ ಬಂದರೆ ಸಾಕು, 'ಸರ್, ಬಿಡೀ' ಎನ್ನುತ್ತಿದ್ದರು, ನಾನು ಸರಿದು ದಾರಿ ಕೊಡುತ್ತಿದ್ದೆ. ಆ ಹುಡುಗಿಗೆ ಕನ್ನಡವೆಂದರೆ ಬರುವುದೂ, ನಾನಿನ್ನೂ ನಮ್ಮ ಟೀಮಿನಲ್ಲಿದ್ದಾಗ ಅಭ್ಯಾಸದಲ್ಲಿ ಕೇಳಿ ಕಲಿತ ಆ ಎರಡೇ ಶಬ್ದ. ಕಾಲು ತಾನಾಗಿ ಹಿಂದೆ ಸರಿಯಿತು. ಪಿಂಕಿ ಚೆಂಡನ್ನು ನನ್ನ ಎರಡು ಕಾಲುಗಳ ನಡುವಿನಿಂದ ತೂರಿಸಿ, ನನ್ನನ್ನು ಸುತ್ತಿ ಹೋಗಿ, ಗೋಲು ಹೊಡೆದಳು. ಅಂಚಿನಲ್ಲಿ ಗಂಗಮ್ಮಜ್ಜಿ ಜಪಮಾಲೆ ತಿರುಗಿಸುತ್ತ ಕುಣಿಯುತ್ತಿದ್ದರು.

ಮುಂದಿನದನ್ನು ಹೇಳಲು ನನಗೆ ಸಂಕೋಚ. ಸಂಘದವರು ನನಗೆ ಶಾಲು ಹೊದಿಸಿದರು. ಅಧ್ಯಕ್ಷರು, 'ಪರರ ಪಾಳೆಯದಲ್ಲಿ ನಿಂತೂ ತಾಯ್ನುಡಿಯ ಕರೆಗೆ ಓಗೊಟ್ಟ ಮಹನೀಯರು' ಎಂದು ಮೈಕಿನಲ್ಲಿ ಸಾರಿದರು. 'ಹಾಗೇನಿಲ್ಲ, ಅಭ್ಯಾಸಬಲ' ಎಂದೆ. ವಿನಯ ನೋಡಿ ಎಂದು ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಅನು ನನ್ನ ಕೈ ಹಿಡಿದು, 'ಅಪ್ಪಾ, ನೀನು ಬೇಕಂತಲೇ ಬಿಟ್ಟೆ ಅಲ್ವಾ?' ಎಂದು ಕೇಳಿದಳು. ಪೂರ್ತಿ ಕನ್ನಡದಲ್ಲಿ, ಒಂದೂ ಬೈಗುಳವಿಲ್ಲದೆ. ಅಂಥ ವಾಕ್ಯಕ್ಕೆ ಇಲ್ಲ ಅನ್ನಲು ಯಾವ ತಂದೆಗೆ ಮನಸ್ಸು ಬರುತ್ತದೆ? 'ಹೌದು ಪುಟ್ಟಿ' ಎಂದೆ.

ಬಂಗಾಳಿಗಳು ನನ್ನನ್ನು ಮಾರನೆಯ ದಿನವೇ ಬಿಟ್ಟುಬಿಟ್ಟರು. ಈಗ ನಾನು ಫ್ರೀ ಏಜೆಂಟ್. ಹೋದ ವಾರ ಶಿವಾನಂದ ಮತ್ತೆ ಬಂದ. ಈ ಸಲ ಕಾಫಿಯನ್ನು ಗಟಗಟ ಕುಡಿದ. ವಾಪಸು ಕರೆಯಲು ಬಂದಿದ್ದಾನೆಂದು ನಾನು ಒಳಗೊಳಗೇ ಹಿಗ್ಗಿ, ಹಳೆಯ ಬೂಟು ಎಲ್ಲಿಟ್ಟಿದ್ದೇನೆಂದು ಯೋಚಿಸತೊಡಗಿದ್ದೆ.

'ಸರ್, ಈ ಸಲ ತೆಲುಗಿನವ್ರು ಭಾಳ ಜೋರ್ ಅದಾರ್ರಿ' ಎಂದ ಅವನು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು. 'ನೀವು ಅವರ ಟೀಮಿಗೆ ಹೋಗಬೇಕ್ರಿ. ಎಲ್ಲಾ ಮಾತಾಡೇನಿ. ನೀವು ಭಾಳ ಛಲೋ ಆಡ್ತೀರಿ ಅಂತ ಹೇಳೇನಿ. ಪಾಪ, ನಂಬ್ಯಾರ.'